ಹೊಸ ಗಾಡಿ ಆಯಿಲ್ ಕುಡಿದರೆ ಏನು ಮಾಡೋಣ?



ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಇಳಿಯುವ ನಮ್ಮ ತಾಳವಾಡಿ ಸೀಮೆಯ ಪಿಕಪ್ ಗಾಡಿಗಳಿಗೆ ದುಡಿಮೆ ಹೆಚ್ಚು. ಈಚೆಗೆ ನಮ್ಮ ಒಂದು ಮನೆಯವರ ಗಾಡಿ, ಕೊಂಡು ಎರಡು ವರ್ಷವೂ ತುಂಬಿರಲಿಲ್ಲ, ಗೊಬ್ಬರದ ಮೂಟೆ ಹೇರಿಕೊಂಡು ಘಾಟಿ ಹತ್ತುವಾಗ ಎಂಜಿನ್ ಜಾಮಾಗಿ ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಒಳಗೆ ಒಂದು ಲೀಟರ್ ಆಯಿಲೂ ಇರಲಿಲ್ಲ. ಕೆಳಗೆ ಒಂದು ತೊಟ್ಟೂ ಸೋರಿರಲಿಲ್ಲ. ಎಲ್ಲವೂ ಎಂಜಿನ್ನಿನಲ್ಲೇ ಉರಿದುಹೋಗಿತ್ತು. ಗಾಡಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ. "ಹೊಸ ಗಾಡಿ, ಸರ್ವೀಸಿನವರೇ ನೋಡುತ್ತಾರೆ" ಎಂದು ಅವರು ನಂಬಿದ್ದರು. ನಾವೆಲ್ಲರೂ ಹಾಗೆಯೇ ನಂಬಿದವರು. ಅದಕ್ಕಾಗಿ ಈ ಪಾಠ.

ಹೊಸ ಗಾಡಿಗೆ ಏಕೆ ಹೀಗೆ?

ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿದ ಆಯಿಲನ್ನು ಒರೆಸಿ ಕೆಳಕ್ಕಿಳಿಸುತ್ತವೆ. ಇಂಧನ ಉಳಿಯಲೆಂದು ಈಗಿನ ಅನೇಕ ಎಂಜಿನ್ನುಗಳಲ್ಲಿ ರಿಂಗುಗಳ ಬಿಗಿ ಕಡಿಮೆ, ಆಯಿಲೂ ತೆಳು. ಆದ್ದರಿಂದ ಸ್ವಲ್ಪ ಆಯಿಲ್ ಮೇಲಕ್ಕೆ ನುಸುಳಿ ಉರಿಯುತ್ತದೆ. ಏರ್ ಫಿಲ್ಟರ್ ಹರಿದು ಹೊಲದ ಧೂಳು ಒಳಹೊಕ್ಕರೆ ರಿಂಗು ಬೇಗ ಸವೆದು ಖರ್ಚು ಏರುತ್ತದೆ.

1,000 ಕಿ.ಮೀ.ಗೆ ಅರ್ಧ ಲೀಟರಿನವರೆಗೆ ಸಹಜವೆಂದೇ ಕೆಲವು ಗಾಡಿಗಳ ಕೈಪಿಡಿ ಹೇಳುತ್ತದೆ. ಲೆಕ್ಕ ಹಾಕಿ ನೋಡೋಣ. 5 ಲೀಟರ್ ಹಿಡಿಸುವ ಎಂಜಿನ್ 1,000 ಕಿ.ಮೀ.ಗೆ 400 ಮಿ.ಲೀ. ಉರಿಸಿದರೆ, 10,000 ಕಿ.ಮೀ. ಸರ್ವೀಸಿನ ಹೊತ್ತಿಗೆ 4 ಲೀಟರ್ ಹೋಗಿರುತ್ತದೆ. ಉಳಿಯುವುದು ಒಂದೇ ಲೀಟರ್! ಕೈಪಿಡಿಗೆ ಸಹಜವಾದದ್ದು ಎಂಜಿನ್ನಿಗೆ ಸಾವು.

ಕೆಂಪು ದೀಪವಿದೆಯಲ್ಲಾ ಎನ್ನಬೇಡಿ. ಅದು ತೋರಿಸುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತಿದರೆ ಬೇರಿಂಗುಗಳಿಗೆ ಆಯಿಲ್ ಸಾಲುತ್ತಿಲ್ಲವೆಂದೇ ತಿಳಿದು, ಗಾಡಿಯನ್ನು ಬದಿಗೆ ನಿಲ್ಲಿಸಿ ಒಡನೆ ಎಂಜಿನ್ ಆರಿಸಬೇಕು. "ಮನೆಯವರೆಗೆ ಹೋಗಿಬಿಡೋಣ" ಎನ್ನಬಾರದು.

ನಾವು ಮಾಡಬೇಕಾದುದು

1. ವಾರಕ್ಕೊಮ್ಮೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಇಳಿಸಿ ನೋಡಿರಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು.

2. ಹಾಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಬಿಡಿ. ತಾರೀಖು, ಕಿ.ಮೀ., ಎಷ್ಟು ಆಯಿಲ್ ಹಾಕಿದಿರಿ ಎಂದು ಬರೆಯಿರಿ.

3. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿರಿ. ಮೇಲಿನ ಗುರುತು ದಾಟಿಸಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬೂದಿ ಹೆಚ್ಚು ಬಿಡುವ ಆಯಿಲ್ ಹಾಕಿದರೆ ಅದು ಕಟ್ಟಿಕೊಳ್ಳುತ್ತದೆ.

4. ಇಂಥ ಗಾಡಿಗಳಲ್ಲಿ ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಸಂತೋಷಪಡಬೇಡಿ. ಡೀಸೆಲ್ ಬೆರೆತು ಆಯಿಲ್ ನೀರಾಗಿದೆ. ಕೂಡಲೇ ತೋರಿಸಿರಿ.

5. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲು, ಏರು ಹತ್ತುವಾಗ ಬಂದರೆ ರಿಂಗು ಅಥವಾ ಟರ್ಬೊ ಕೆಟ್ಟಿರಬಹುದು. ಹೊಸ ಗಾಡಿಗಳಲ್ಲಿ ಹೊಗೆ ಕಾಣದೆಯೂ ಆಯಿಲ್ ಉರಿಯುವುದುಂಟು.

6. ಖರ್ಚು ಹೆಚ್ಚೆನಿಸಿದರೆ ವಾರಂಟಿ ಮುಗಿಯುವ ಮೊದಲೇ ಪುಸ್ತಕ ಹಿಡಿದು ಹೋಗಿ, ಆಯಿಲ್ ಖರ್ಚಿನ ಪರೀಕ್ಷೆಯನ್ನು ಬರವಣಿಗೆಯಲ್ಲಿ ಕೇಳಿರಿ. ಗುರುತಿನವರೆಗೆ ತುಂಬಿ, ಸುಮಾರು 1,000 ಕಿ.ಮೀ. ಓಡಿಸಿ ಮತ್ತೆ ಅಳೆಯುತ್ತಾರೆ. ಬಾಯಿಮಾತಿಗಿಂತ ಬರೆದಿಟ್ಟ ಲೆಕ್ಕಕ್ಕೆ ಬೆಲೆ ಹೆಚ್ಚು.

ಆರೋಗ್ಯದ ಒಂದು ಮಾತು

ತೆಗೆದ ಕಪ್ಪು ಆಯಿಲನ್ನು ದನದ ಗಾಯಕ್ಕೆ ಹಚ್ಚಬೇಡಿ, ಬಾವಿಯ ಬಳಿ ಚೆಲ್ಲಬೇಡಿ. ಬಹುಕಾಲ ಚರ್ಮಕ್ಕೆ ತಾಗುತ್ತಿದ್ದರೆ ಅದು ಕ್ಯಾನ್ಸರಿಗೂ ಕಾರಣವಾಗಬಲ್ಲದು. ಕೈಯನ್ನು ಸೋಪಿನಿಂದ ತೊಳೆಯಿರಿ. ಆಯಿಲನ್ನು ಡಬ್ಬಿಯಲ್ಲಿ ಹಿಡಿದು ವರ್ಕ್‌ಶಾಪಿಗೆ ಒಪ್ಪಿಸಿರಿ.

ಹಸುವಿನ ಕೆಚ್ಚಲನ್ನು ದಿನಕ್ಕೆರಡು ಸಲ ಮುಟ್ಟಿ ನೋಡುವ ನಾವು, ಗಾಡಿಯ ಬಾನೆಟ್ಟನ್ನು ವಾರಕ್ಕೊಮ್ಮೆ ಎತ್ತಲಾರೆವೇ?