ಬಂಗಾಲಿ ಟೋಲಾದಲ್ಲಿ ಶೋಆ ಓದುತ್ತ

ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಇತಿಹಾಸದ ಸಂಶೋಧನೆಗೆಂದು ಹೋದಾಗ ಬಂಗಾಲಿ ಟೋಲಾದ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಊರಿನವರು ಬಂದರೆ ಇಳಿದುಕೊಳ್ಳುವ ಜಂಗಮವಾಡಿ ಮಠ ಅಲ್ಲಿಂದ ಕಾಲ್ನಡಿಗೆಯ ದೂರ. ಗಲ್ಲಿಯ ಗೋಡೆಗಳ ಮೇಲೆ ಬಂಗಾಳಿ, ಹಿಂದಿಯ ಜೊತೆಗೆ ಹೀಬ್ರೂ ಅಕ್ಷರಗಳೂ ಇದ್ದವು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ತಿರುಗಾಟಕ್ಕೆ ಬರುವ ಇಸ್ರೇಲಿ ಹುಡುಗ ಹುಡುಗಿಯರಿಗಾಗಿ ಬರೆದ ಬೋರ್ಡುಗಳು. ನನ್ನ ವಿಷಯ ಯುರೋಪಿನ ಯಹೂದಿಗಳ ಹತ್ಯಾಕಾಂಡ. ಈಗ ಊರಿನಲ್ಲಿ ಡಿಗ್ರಿ ಮಕ್ಕಳಿಗೆ ಅದೇ ಪಾಠ ಹೇಳುತ್ತೇನೆ. ಹೇಳುವಾಗ ಕೈಹಿಡಿಯುವುದು ಹೆಚ್ಚಾಗಿ ಆ ಗಲ್ಲಿಯಲ್ಲಿ ಕಲಿತದ್ದೇ. ಇದೇ ಪಾಠ ಹೇಳುವವರಿಗಾಗಿ ಅದನ್ನು ಇಲ್ಲಿ ಬರೆದಿದ್ದೇನೆ.

1. ಬಾಯಿಗೆ ಬರುವ ಶಬ್ದವನ್ನು ಮೊದಲು ಬಿಡಿಸಿ ನೋಡಿ. ಒಂದು ಸಂಜೆ ಚಹಾದ ಅಂಗಡಿಯಲ್ಲಿ ಇಸ್ರೇಲಿ ವಿದ್ಯಾರ್ಥಿನಿಯೊಬ್ಬಳು, ಕನ್ನಡದಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದಳು. ‘ನರಮೇಧ’ ಅಂದೆ. ಅರ್ಥ ಹೇಳಿ ಅಂದಳು. ನರ ಅಂದರೆ ಮನುಷ್ಯ, ಮೇಧ ಅಂದರೆ... ನನ್ನ ನಾಲಗೆ ಅಲ್ಲೇ ತಡೆಯಿತು. ಗಲ್ಲಿ ದಾಟಿದರೆ ದಶಾಶ್ವಮೇಧ ಘಾಟ್. ಬ್ರಹ್ಮ ಹತ್ತು ಅಶ್ವಮೇಧ ಮಾಡಿದ ಜಾಗ ಎಂದು ಪುರಾಣ. ಮೇಧ ಅಂದರೆ ಯಜ್ಞ, ಬಲಿ. ಯಾವ ದೇವರಿಗೆ ಬಲಿ? ಏನು ಫಲ ಬೇಡಿ? ಹಾಲೊಕಾಸ್ಟ್ ಎಂಬ ಪದಕ್ಕೂ ಗ್ರೀಕಿನ ಮೂಲದಲ್ಲಿ ‘ಪೂರ್ತಿ ಸುಟ್ಟ ಬಲಿ’ ಎಂದೇ ಅರ್ಥ. ಆದ್ದರಿಂದಲೇ ಎಷ್ಟೋ ಯಹೂದಿಗಳು ಅದನ್ನು ಬಿಟ್ಟು ಶೋಆ, ಅಂದರೆ ಮಹಾವಿನಾಶ, ಎನ್ನುತ್ತಾರೆ. ನಮ್ಮ ಪತ್ರಿಕೆಗಳು ನರಮೇಧ ಎಂದು ದಿನಾ ಬರೆಯುತ್ತವೆ, ನಾನೂ ಬರೆದಿದ್ದೆ. ಆ ಸಂಜೆಯಿಂದ ಬರೆದಿಲ್ಲ. ಜನಾಂಗಹತ್ಯೆ ಅನ್ನುತ್ತೇನೆ. ಪೋಲೆಂಡಿನ ಯಹೂದಿ ವಕೀಲ ರಾಫೆಲ್ ಲೆಮ್ಕಿನ್ 1944ರಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಸೇರಿಸಿ ಕಟ್ಟಿದ ‘ಜೆನೊಸೈಡ್’ ಪದಕ್ಕೆ ಅದೇ ನೇರ ಅರ್ಥ. ಸ್ವಂತ ಬಂಧುಬಳಗವನ್ನೇ ಕಳೆದುಕೊಂಡ ಮನುಷ್ಯ ಆತ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಆ ಪದವನ್ನು ಕಾನೂನಿಗೆ ತಂದಿತು.

2. ಒಂದು ಹೆಸರಿನಿಂದ ಶುರುಮಾಡಿ. 60 ಲಕ್ಷ ಜನ, ಅವರಲ್ಲಿ ಸುಮಾರು 15 ಲಕ್ಷ ಮಕ್ಕಳು ಎಂದರೆ ತರಗತಿ ನೋಟ್ಸ್ ಬರೆದುಕೊಂಡು ಪುಟ ತಿರುಗಿಸುತ್ತದೆ. ಕಾಶಿಯಲ್ಲಿ ಒಬ್ಬ ಪಂಡಾ ಯಾತ್ರಿಕರ ಹೆಸರು ಬರೆದಿಡುವ ಉದ್ದನೆಯ ಬಹಿ ಬಿಚ್ಚಿ, ಬೆರಳು ಜಾರಿಸುತ್ತ ಹೋಗಿ, ನಮ್ಮ ಮುತ್ತಜ್ಜನ ಹೆಸರಿನ ಮೇಲೆ ನಿಲ್ಲಿಸಿದ್ದ. ನಾನು ನೋಡಿಯೇ ಇರದ ಮನುಷ್ಯ. ಆ ಸಾಲಿನ ಶಾಯಿ ಕಂಡು ಕಣ್ಣು ತುಂಬಿತ್ತು. ಜೆರುಸಲೇಮಿನ ಯಾದ್ ವಾಶೆಮ್ 1953ರಲ್ಲಿ ಸ್ಥಾಪನೆಯಾಯಿತು. ಅದರ ಹೆಸರಿಗೇ ‘ಸ್ಮಾರಕ ಮತ್ತು ಹೆಸರು’ ಎಂದರ್ಥ. ಹತರಾದವರಲ್ಲಿ ಮಾಹಿತಿ ಸಿಕ್ಕವರಿಗೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಕ್ಷಿಹಾಳೆ: ಹೆಸರು, ತಂದೆ ತಾಯಿ, ಹುಟ್ಟಿದ ಊರು, ಕಸುಬು, ಸತ್ತ ಜಾಗ. ಬದುಕಿ ಉಳಿದವರು, ನೆಂಟರು, ನೆರೆಯವರು ತುಂಬಿಕೊಟ್ಟವು. ನನ್ನ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಕನ್ನಡದಲ್ಲಿ ಕೈಬರಹದಲ್ಲಿ ಇಳಿಸಿ ಎನ್ನುತ್ತೇನೆ. ಒಬ್ಬ ಹುಡುಗಿ ‘ಕಸುಬು: ದರ್ಜಿ’ ಎಂದು ಬರೆದು ಪೆನ್ನು ಕೆಳಗಿಟ್ಟಳು. ‘ನಮ್ಮಪ್ಪನೂ ದರ್ಜಿ ಸರ್’ ಅಂದಳು. ಉಳಿದ ಪೀರಿಯಡ್ಡು ನಾನು ಮಾತಾಡಲಿಲ್ಲ.

3. ‘ನಮ್ಮ ಹೆಡ್‌ಮಾಸ್ಟರು ಹಿಟ್ಲರ್ ಕಣೋ’ ಎನ್ನುವುದನ್ನು ಬಿಡಿಸಿ. ಶಿಸ್ತಿನವನು ಎಂಬ ಅರ್ಥದಲ್ಲಿ ಅನ್ನುತ್ತಾರೆ, ಗೊತ್ತು. ಆದರೂ ಬಿಡಿಸಿ. ಸ್ವಸ್ತಿಕದ ವಿಷಯದಲ್ಲಿ ಮಾತ್ರ ಅವಸರ ಬೇಡ. ಬಂಗಾಲಿ ಟೋಲಾದಲ್ಲಿ ಬಾಗಿಲು ಬಾಗಿಲಿಗೂ ಕುಂಕುಮದ ಸ್ವಸ್ತಿಕ. ಹಿಟ್ಲರ್ ತನ್ನದನ್ನು ಕರೆದದ್ದು ಕೊಕ್ಕೆಶಿಲುಬೆ ಎಂಬರ್ಥದ ಜರ್ಮನ್ ಪದದಿಂದ, ನಮ್ಮದರ ಅರ್ಥವೂ ಬಳಕೆಯೂ ಬೇರೆ. ಇದು ನಿಜ. ಆದರೆ ಆ ಬಾಗಿಲ ಮುಂದೆ ಬೆಚ್ಚಿ ನಿಂತವರ ಎದುರು ಇದನ್ನು ವಾದದ ಹಾಗೆ ಒಪ್ಪಿಸಬಾರದು. ಅವರು ಏನು ಕಂಡರು ಎಂದು ಮೊದಲು ಕೇಳಬೇಕು.

4. ನಮ್ಮ ಸಮಾಧಾನ ಅವರದಲ್ಲ. ಇದು ನನ್ನ ತಪ್ಪಿನಿಂದ ಕಲಿತದ್ದು. ಊರು ತೋರಿಸುತ್ತೇನೆಂದು ಒಬ್ಬ ಇಸ್ರೇಲಿ ಹುಡುಗನನ್ನು ಹರಿಶ್ಚಂದ್ರ ಘಾಟಿಗೆ ಕರೆದೊಯ್ದು, ಇಲ್ಲಿ ಸುಟ್ಟರೆ ಮುಕ್ತಿ ಅಂದೆ. ಅವನು ಹೊಗೆ ನೋಡಿ ಮೆಟ್ಟಿಲಿನ ಮೇಲೆ ಕೂತುಬಿಟ್ಟ. ಯಹೂದಿ ಸಂಪ್ರದಾಯದಲ್ಲಿ ಹೆಣವನ್ನು ಮಣ್ಣು ಮಾಡುತ್ತಾರೆ. ಅವನ ಅಜ್ಜಿಯ ತಂಗಿಯರಿಗೆ ಟ್ರೆಬ್ಲಿಂಕಾದ ಹತ್ಯಾಶಿಬಿರದಲ್ಲಿ ಮಣ್ಣೂ ಇಲ್ಲ, ಗುರುತೂ ಇಲ್ಲ. ಕ್ಷಮೆ ಕೇಳಿದೆ. ಇವತ್ತಿಗೂ ಅದು ಚುಚ್ಚುತ್ತದೆ.

5. ದೂರದ ಕತೆ ಅಂದುಕೊಳ್ಳುವ ಮುಂಚೆ ನಿಮ್ಮ ಬೀದಿ ನೋಡಿ. 1933ರ ಏಪ್ರಿಲ್ 7ರ ಜರ್ಮನ್ ಕಾನೂನು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಕಿತ್ತಿತು. ಸಾಮೂಹಿಕ ಕೊಲೆಗೆ ಇನ್ನೂ ವರ್ಷಗಳಿದ್ದವು. ಮೊದಲು ಬಂದದ್ದು ಒಂದು ಸರ್ಕಾರಿ ಆದೇಶ. ಗ್ಯೋಟಿಂಗನ್‌ನಲ್ಲಿ ಹೀಗೆ ಕೆಲಸ ಹೋದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಸಿ.ವಿ. ರಾಮನ್ ಕರೆಯ ಮೇಲೆ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಪಟ್ಟ ಪ್ರಯತ್ನ ಫಲಿಸಲಿಲ್ಲ, ಬಾರ್ನ್ ಎಡಿನ್‌ಬರೋಗೆ ಹೋದರು. ಅವರ ಸೋದರಳಿಯ, ವಾಸ್ತುಶಿಲ್ಪಿ ಒಟ್ಟೊ ಕೊಯೆನಿಗ್ಸ್‌ಬರ್ಗರ್, ಇದೇ ಕಾರಣಕ್ಕೆ ಬರ್ಲಿನ್ ಬಿಟ್ಟು 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದ ಮೈಸೂರು ಸಂಸ್ಥಾನ ಸೇರಿದರು. ವಿಜ್ಞಾನ ಮಂದಿರದಲ್ಲಿ ಅವರು ವಿನ್ಯಾಸಗೊಳಿಸಿದ ಏರೊನಾಟಿಕ್ಸ್ ವಿಭಾಗದ ಕಟ್ಟಡ ಈಗಲೂ ಇದೆ. ವಾರ್ಸಾದ ಯಹೂದಿ ಇಂಜಿನಿಯರ್ ಮೌರಿಸ್ ಫ್ರೀಡ್‌ಮನ್ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ ನಡೆಸಿದರು, ಮುಂದೆ ಗಾಂಧಿಯ ಜೊತೆಗಾರರಾದರು. ಅದೇ ವಾರ್ಸಾದಿಂದ 1942ರ ಜುಲೈ 22ರಿಂದ ಎರಡೇ ತಿಂಗಳಲ್ಲಿ ಸುಮಾರು 2.65 ಲಕ್ಷ ಯಹೂದಿಗಳನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಲಾಯಿತು. ಬೆಂಗಳೂರಿನ ಮಕ್ಕಳನ್ನು ಆ ಏರೊನಾಟಿಕ್ಸ್ ಕಟ್ಟಡದ ಮುಂದೆ ನಿಲ್ಲಿಸಿ ಇಷ್ಟು ಹೇಳಿದರೆ ನಕ್ಷೆ ಬೇಕಾಗುವುದಿಲ್ಲ.

6. ಸ್ಮರಣೆಯ ದಿನ ಭಾಷಣ ಬೇಡ. ಆಶ್ವಿತ್ಸ್ ಶಿಬಿರ ಬಿಡುಗಡೆಯಾದ ಜನವರಿ 27ನ್ನು ವಿಶ್ವಸಂಸ್ಥೆ 2005ರಲ್ಲಿ ಗೊತ್ತುಮಾಡಿತು. ಇಸ್ರೇಲಿನವರ ದಿನ ಬೇರೆ. ವಾರ್ಸಾದ ಘೆಟ್ಟೊದಲ್ಲಿ ಕೂಡಿಹಾಕಿದ್ದ ಯಹೂದಿಗಳು ಎದ್ದ ದಂಗೆಯ ನೆನಪಿನಲ್ಲಿ ಹೀಬ್ರೂ ಪಂಚಾಂಗದ ನಿಸಾನ್ ಮಾಸದಲ್ಲಿ ಬರುತ್ತದೆ. ಅವತ್ತು ಬೆಳಿಗ್ಗೆ 10ಕ್ಕೆ ದೇಶವಿಡೀ ಸೈರನ್ ಕೂಗಿ, ಹೆದ್ದಾರಿಯಲ್ಲಿ ಕಾರುಗಳೂ ನಿಲ್ಲುತ್ತವೆ. ನಮ್ಮಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ನಾನು ಬನಾರಸ್‌ನಲ್ಲಿದ್ದಾಗ ಒಂದು ಏಪ್ರಿಲ್‌ನಲ್ಲಿ, ಗಲ್ಲಿಯ ತಿರುವಿನಲ್ಲಿ, ಘಾಟಿಗೆ ಬಂದಿದ್ದ ಅದೇ ಹುಡುಗ ಮೊಬೈಲಿನಲ್ಲಿ ಸೈರನ್ ಹಾಕಿ ಕೈ ಇಳಿಬಿಟ್ಟು ನಿಂತ. ಪಕ್ಕಕ್ಕೆ ನಾನೂ ನಿಂತೆ. ಹಿಂದಿನಿಂದ ಬಂದ ಬೈಕು ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ಚಹಾದ ಮುದುಕ ಏನೂ ಕೇಳಲಿಲ್ಲ. ಸ್ಟೋವ್ ತಗ್ಗಿಸಿ ಹೊರಗೆ ಬಂದು, ಬೈಕಿನವನ ಮುಂದೆ ಅಂಗೈ ಹಿಡಿದು ನಿಂತ. ಎರಡು ನಿಮಿಷ ಯಾರೂ ದಾಟಲಿಲ್ಲ.