ಕೊಟ್ಟಿಗೆಗೆ ಜನ ನಿಲ್ಲುತ್ತಿಲ್ಲ

ಪ್ರಶ್ನೆ: ಮದ್ದೂರಿನ ಹತ್ತಿರ 14 ಎಚ್‌ಎಫ್ ಹಸು ಕಟ್ಟಿದ್ದೇನೆ. ವರ್ಷದೊಳಗೆ ಮೂರನೇ ಜೋಡಿ ಬಿಟ್ಟುಹೋಯಿತು. ತಿಂಗಳ ಸಂಬಳ, ಅಕ್ಕಿ, ಇರಲು ಶೀಟ್ ಮನೆ, ಮೇಲೆ 30 ಸಾವಿರ ಮುಂಗಡ ಕೊಟ್ಟಿದ್ದೆ. ನಾಲ್ಕು ತಿಂಗಳಿದ್ದ ಬಿಹಾರದವನು ಹೆಂಡತಿಯನ್ನು ಕರೆದುಕೊಂಡು ಹೇಳದೆ ಕೇಳದೆ ರಾತ್ರಿ ಬಸ್ಸು ಹತ್ತಿದ. ಅವತ್ತಿನಿಂದ ಗೌರಿ ಒದೆಯುತ್ತಾಳೆ, ಕಾವೇರಿ ಸೊರೆ ಬಿಡುತ್ತಿಲ್ಲ. ಮುಂದೆ ಬರುವವರ ಆಧಾರ್ ಕಾರ್ಡ್ ಇಟ್ಟುಕೊಂಡು, ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿದರೆ ನಿಲ್ಲುತ್ತಾರೆಯೇ?

ಉತ್ತರ: ಬೆಳಗಿನ ಜಾವ ಅಷ್ಟೂ ಹಸುಗಳು ಕೆಚ್ಚಲು ತುಂಬಿಕೊಂಡು ಕೂಗುವಾಗ ಕರೆಯುವ ಕೈ ಇಲ್ಲದಿದ್ದರೆ ಏನಾಗುತ್ತದೆಂದು ಬಲ್ಲೆ. ಆದರೂ ನಿಮ್ಮ ಪತ್ರದ ಒಂದು ಮಾತು ಮನಸ್ಸಿಗೆ ಚುಚ್ಚಿತು. ಗೌರಿಗೆ, ಕಾವೇರಿಗೆ ಹೆಸರಿದೆ. ದಿನಕ್ಕೆರಡು ಸಲ ಅವುಗಳ ಕೆಚ್ಚಲು ತೊಳೆದು ಹಾಲು ಕರೆದ ಮನುಷ್ಯ ಬರೀ 'ಬಿಹಾರದವನು'.

2009ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 516 ಹೈನುಗಾರರನ್ನು ಕೇಳಿ ನೋಡಿದರು. ಹಸುಗಳನ್ನು ಹೆಸರಿಟ್ಟು ಕರೆಯುವ ಕಡೆ ಒಂದು ಸೂಲಿಗೆ 258 ಲೀಟರ್ ಹಾಲು ಹೆಚ್ಚಿತ್ತು. ಹೆಸರಿಟ್ಟವರು ಒಂದೊಂದನ್ನೂ ಬೇರೆಯಾಗಿ ನೋಡುತ್ತಾರೆ, ಗದರುವುದು ಕಡಿಮೆ. ಹೆದರಿದ ಹಸುವಿಗೆ ಅಡ್ರಿನಲಿನ್ ಏರಿ ಆಕ್ಸಿಟೋಸಿನ್ ಕೆಲಸ ಕೆಡುತ್ತದೆ, ಹಾಲು ಮೇಲೇ ನಿಲ್ಲುತ್ತದೆ. ಕಾವೇರಿಗೆ ಆಗಿರುವುದೂ ಇದೇ ಇರಬೇಕು. ಪರಿಚಯದ ಕೈ ತಪ್ಪಿತು.

ಕಾರ್ಡ್ ಇಟ್ಟುಕೊಳ್ಳುವ ಯೋಚನೆ ಈಗಲೇ ಬಿಡಿ. ಮುಂಗಡ ತೋರಿಸಿ ಮನುಷ್ಯನನ್ನು ಹಿಡಿದಿಡುವುದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅಪರಾಧ. ಕ್ಯಾಮೆರಾದಲ್ಲಿ ಆಳು ಕೂತದ್ದು, ನಿಂತದ್ದು ಕಾಣಬಹುದು. ಬಾಲದ ಬುಡಕ್ಕೆ ಲೋಳೆ ಅಂಟಿದೆ, ಹಿಂಡಿ ಅರ್ಧ ಉಳಿದಿದೆ, ಪಕ್ಕದ ಹಸುವಿನ ಬೆನ್ನಿಗೆ ಗದ್ದ ಇಡುತ್ತಿದೆ ಎಂದು ನೋಡಿ 'ಬೆದೆಗೆ ಬಂದಿದೆ' ಅಂತ ಓಡಿ ಬಂದು ಹೇಳುವವನು ಕೊಟ್ಟಿಗೆಯಲ್ಲಿರುವವನು. ಅವನು ಸುಮ್ಮನಿದ್ದರೆ ನಿಮಗೆ ಇನ್ನೂ 21 ದಿನದ ಮೇವು ದಂಡ. ಮೊದಲ ಧಾರೆಯಲ್ಲಿ ಗಿಣ್ಣಿನಂಥ ಚೂರು ಕಂಡು ಕೆಚ್ಚಲು ಬಾವು ಹಿಡಿಯುವುದೂ ಅದೇ ಕಣ್ಣು. ಬೈಸಿಕೊಂಡವನು ಯಾಕೆ ಹೇಳುತ್ತಾನೆ?

ಅವರ ದಿನವನ್ನೊಮ್ಮೆ ಲೆಕ್ಕ ಹಾಕಿ. ನಾಲ್ಕಕ್ಕೆ ಎದ್ದರೆ ಹಾಲು, ಸಗಣಿ, ಮೇವು ಮುಗಿಯುವಷ್ಟರಲ್ಲಿ ಹತ್ತು. ಮತ್ತೆ ಮೂರಕ್ಕೆ ಶುರು, ಮಲಗುವಾಗ ರಾತ್ರಿ ಒಂಬತ್ತು. ನಡುವಿನ ಹೊತ್ತು ಅವರದು. ಆಗ ತೋಟಕ್ಕೆ ನೀರು ಕಟ್ಟು, ಬೂಸಾ ಇಳಿಸು ಅಂತ ಕೂಗಬೇಡಿ. ವಾರಕ್ಕೊಂದು ದಿನ ಊರಿನಲ್ಲೇ ಹಾಲು ಕರೆಯಬಲ್ಲವರೊಬ್ಬರನ್ನು ಕೂಲಿಗೆ ಗೊತ್ತುಮಾಡಿ. ಇವರಿಗೆ ರಜೆ ಸಿಗುತ್ತದೆ, ಹಸುಗಳಿಗೆ ಇನ್ನೊಂದು ಕೈಯೂ ಅಭ್ಯಾಸವಾಗುತ್ತದೆ.

ಹೆಂಡತಿಯ ಸಂಬಳದ ಮಾತನ್ನೇ ನೀವು ಬರೆದಿಲ್ಲ. ಕ್ಯಾನ್ ತೊಳೆಯುವುದು, ಕರುವಿಗೆ ಹಾಲು ಕುಡಿಸುವುದು, ಸಗಣಿ ಬಾಚುವುದು ಹೆಚ್ಚಿನ ಕಡೆ ಹೆಂಗಸರೇ. ದುಡ್ಡು ಮಾತ್ರ ಗಂಡನ ಕೈಗೆ. ಆಕೆಯದನ್ನು ಆಕೆಯ ಕೈಗೇ ಕೊಡಿ.

ಅವರ ಆರೋಗ್ಯವನ್ನೂ ನೋಡಿಕೊಳ್ಳಿ. ಹಸು ಕಂದು ಹಾಕಿದಾಗ ಮಾಸನ್ನು ಬರಿಗೈಯಲ್ಲಿ ಎತ್ತಿಸಬೇಡಿ. ಕಂದು ರೋಗ ಮನುಷ್ಯರಿಗೂ ಅಂಟಿ ಬಿಟ್ಟುಬಿಟ್ಟು ಜ್ವರ, ಕೀಲುನೋವು ತರುತ್ತದೆ. ಗ್ಲೌಸ್, ಗಮ್ ಬೂಟ್ ನೀವೇ ಕೊಡಿಸಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸಿ.

ಹೊಸ ಜೋಡಿ ಹುಡುಕುವ ಮುಂಚೆ ಹೋದವರಿಗೊಂದು ಫೋನ್ ಮಾಡಿ. ಮುಂಗಡದ ಮಾತೆತ್ತಬೇಡಿ. ಯಾಕೆ ಹೋದಿರಿ ಎಂದು ಕೇಳಿ, ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಗೌರಿ ಯಾವ ತೊಟ್ಟು ಮುಟ್ಟಿದರೆ ಒದೆಯುತ್ತಾಳೆ ಎನ್ನುವುದೂ ಅವರಿಗೇ ಗೊತ್ತು.