ಹನ್ನೆರಡಕ್ಕೆ ಬೆಳಗಾಗುವ ನಾಡಿನಲ್ಲಿ

ಪ್ರವಾಸದಲ್ಲಿ ಎರಡು ಬಗೆ. ಎಲ್ಲವನ್ನೂ ಮುಂಗಡವಾಗಿ ಗೊತ್ತುಮಾಡಿಕೊಂಡು, ಮಾರ್ಗದರ್ಶಿಯ ಹಿಂದೆ ನಡೆದು, ನೋಡಬೇಕಾದುದನ್ನು ನೋಡಿ ಹಿಂದಿರುಗುವುದು ಒಂದು ಬಗೆ. ಚೀಲವೊಂದನ್ನು ಬೆನ್ನಿಗೇರಿಸಿ, ಊರ ಜನ ಹತ್ತುವ ಬಸ್ಸನ್ನೇ ಹತ್ತಿ, ಅವರು ಉಣ್ಣುವುದನ್ನೇ ಉಂಡು, ದೊರೆತ ಬಿಡಾರದಲ್ಲಿ ಮಲಗಿ ಮುಂದುವರಿಯುವುದು ಇನ್ನೊಂದು ಬಗೆ. ಮೊದಲನೆಯವನಿಗೆ ಪರದೇಶವು ಒಂದು ನೋಟ. ಎರಡನೆಯವನಿಗೆ ಅದು ದಿನನಿತ್ಯದ ಬಾಳು. ಅಂಥ ಬಾಳಿಗೆ ಒಗ್ಗಿಕೊಳ್ಳುವುದೆಂದರೇನು ಎಂಬುದನ್ನು ತಿಳಿಯಲು ಆಫ್ರಿಕಾ ಖಂಡದ ಇಥಿಯೋಪಿಯ ದೇಶ ಒಳ್ಳೆಯ ನಿದರ್ಶನ.

ಆ ದೇಶದ ರಾಜಧಾನಿ ಅಡಿಸ್ ಅಬಾಬ ಸಮುದ್ರಮಟ್ಟದಿಂದ ೨,೩೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಮೇಲೆ. ಆಫ್ರಿಕವೆಂದರೆ ಬರಿಯ ಬಿಸಿಲೆಂದು ನಂಬಿ ತೆಳುಬಟ್ಟೆಯಲ್ಲಿ ಬಂದವನು ಇರುಳಿನ ಚಳಿಗೆ ನಡುಗುತ್ತಾನೆ. ಚೀಲ ಹೊತ್ತು ನಾಲ್ಕು ಮೆಟ್ಟಿಲು ಏರುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಮೊದಲ ಎರಡು ಮೂರು ದಿನ ಮೆಲ್ಲಗೆ ನಡೆದರೆ ದೇಹ ಒಗ್ಗುತ್ತದೆ. ಮನಸ್ಸು ಒಗ್ಗುವುದಕ್ಕೆ ಹೆಚ್ಚು ಕಾಲ ಬೇಕು.

ಮೊದಲು ಹೊತ್ತಿನ ವಿಚಾರ. ನಮ್ಮ ಗಡಿಯಾರ ನಡುರಾತ್ರಿಯಿಂದ ಎಣಿಸಿದರೆ, ಅಲ್ಲಿನ ಜನರ ಎಣಿಕೆ ಹೊತ್ತು ಮೂಡುವುದರಿಂದ ತೊಡಗುತ್ತದೆ. ನಾವು ಬೆಳಗಿನ ಆರು ಗಂಟೆ ಎನ್ನುವುದು ಅವರಿಗೆ ಹನ್ನೆರಡು; ನಮ್ಮ ಏಳು ಅವರಿಗೆ ಒಂದು. ಬಸ್ಸು ಹನ್ನೊಂದಕ್ಕೆ ಹೊರಡುವುದೆಂದು ಕೇಳಿ, ನಿಧಾನವಾಗಿ ಉಪಾಹಾರ ಮುಗಿಸಿ ಬಂದ ಪ್ರವಾಸಿಗೆ, ಅದು ನಸುಕಿನ ಐದಕ್ಕೇ ಹೊರಟುಹೋಯಿತೆಂದು ತಿಳಿಯುತ್ತದೆ. ಸಿಡಿಮಿಡಿಗೊಂಡು ಫಲವಿಲ್ಲ, ಅವನಿಗೆ ಯಾರೂ ಸುಳ್ಳು ಹೇಳಿಲ್ಲ. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ಲೋಕರೂಢಿಯ ಗಂಟೆಯೇ ಇರುವುದರಿಂದ, ಹೇಳಿದ ಹೊತ್ತು ಯಾರ ಲೆಕ್ಕದ್ದೆಂದು ಪ್ರತಿ ಸಲವೂ ಕೇಳಿಕೊಳ್ಳುವುದು ಜಾಣತನ. ಈ ಪದ್ಧತಿಯನ್ನು ವಿಚಿತ್ರವೆನ್ನುವ ಮೊದಲು, ಸೂರ್ಯೋದಯದಿಂದ ಗಳಿಗೆಗಳನ್ನು ಎಣಿಸುತ್ತಿದ್ದ ನಮ್ಮ ಹಿರಿಯರನ್ನು ನೆನೆಯಬೇಕು. ಭೂಮಧ್ಯರೇಖೆಗೆ ಸಮೀಪದ ನಾಡಿನಲ್ಲಿ ವರ್ಷವಿಡೀ ಹಗಲಿರುಳುಗಳು ಹೆಚ್ಚುಕಡಿಮೆ ಸಮವಾಗಿರುತ್ತವೆ. ಸೂರ್ಯನೇ ಅಲ್ಲಿ ನಂಬಬಹುದಾದ ಗಡಿಯಾರ.

ವರ್ಷದ ಲೆಕ್ಕವೂ ಬೇರೆಯೇ. ಮೂವತ್ತು ದಿನಗಳ ೧೨ ತಿಂಗಳು, ಕೊನೆಗೆ ಐದಾರು ದಿನಗಳ ೧೩ನೆಯದೊಂದು ತಿಂಗಳು. ಅವರ ೨೦೦೦ನೆಯ ವರ್ಷ ಮೊದಲಾದುದು ೨೦೦೭ರ ಸೆಪ್ಟೆಂಬರ್ ೧೨ರಂದು.

ಇನ್ನು ಊಟ. ತೆಫ್ ಎಂಬ ಅತಿ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಕೆಲವು ದಿನ ಹುಳಿ ಬರಿಸಿ, ಅಗಲವಾದ ಕಾವಲಿಯ ಮೇಲೆ ಒಂದೇ ಮಗ್ಗುಲು ಬೇಯಿಸಿದ ಇಂಜೆರ ಅಲ್ಲಿನ ಮುಖ್ಯ ಆಹಾರ. ನಮ್ಮ ದೋಸೆಗೆ ಅದು ದೂರದ ನೆಂಟ. ಬುಧವಾರ ಮತ್ತು ಶುಕ್ರವಾರಗಳಲ್ಲಿ ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಮಾಂಸ, ಮೊಟ್ಟೆ, ಹಾಲುಗಳನ್ನು ಮುಟ್ಟುವುದಿಲ್ಲ. ಬೇಳೆ, ಕಡಲೆಹಿಟ್ಟು, ಸೊಪ್ಪುಗಳ ಅಡುಗೆಯೇ ಅಂದಿನ ಊಟ. ಸಸ್ಯಾಹಾರಿಯಾದವನು ‘ತ್ಸೋಮ್’, ಎಂದರೆ ಉಪವಾಸವ್ರತ, ಎಂಬ ಒಂದು ಮಾತನ್ನು ಕಲಿತರೆ ಸಾಕು. ವ್ರತದ ಬೆಲೆಯನ್ನು ಬಲ್ಲ ಜನ ಅರ್ಥಮಾಡಿಕೊಳ್ಳುತ್ತಾರೆ.

ನಿಜವಾದ ಪರೀಕ್ಷೆ ಒದಗುವುದು ತಟ್ಟೆಯ ಬಳಿ. ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕುಳಿತು ಬಲಗೈಯಿಂದ ಉಣ್ಣುವುದು ಅಲ್ಲಿನ ರೂಢಿ. ನಡುವೆ ಮನೆಯವರು ಒಂದು ತುತ್ತನ್ನು ಸುತ್ತಿ ಅತಿಥಿಯ ಬಾಯಿಗೇ ಇಡುತ್ತಾರೆ. ಇದಕ್ಕೆ ‘ಗುರ್ಷ’ ಎಂದು ಹೆಸರು. ಎಂಜಲೆಂಬ ಭಾವನೆಯಲ್ಲಿ ಬೆಳೆದವನ ಮನಸ್ಸು ಇಲ್ಲಿ ಹಿಂಜರಿಯುವುದು ಸಹಜ. ಆದರೆ ತಾಯಿಯ ಕೈತುತ್ತನ್ನು ಬಲ್ಲವನಿಗೆ ಗುರ್ಷದ ಅರ್ಥವನ್ನು ವಿವರಿಸಬೇಕಾಗಿಲ್ಲ. ಬೇಡವೆಂದು ಮುಖ ತಿರುಗಿಸಿದರೆ ನೋಯುವುದು ಆತಿಥ್ಯವೇ ಹೊರತು ಅಡುಗೆಯಲ್ಲ. ಕಾಫಿಯ ಕ್ರಮವೂ ಅಂತಹುದೇ. ಕಾಫಿಯ ತವರಾದ ಆ ನಾಡಿನಲ್ಲಿ ಬೀಜವನ್ನು ಅತಿಥಿಯ ಎದುರಿಗೇ ಹುರಿದು, ಕುಟ್ಟಿ, ಕುದಿಸಿ, ಮೂರು ಸಲ ಬಡಿಸುತ್ತಾರೆ. ಮೂರನೆಯ ಬಟ್ಟಲಿನ ಹೆಸರು ‘ಬರಕ’, ಎಂದರೆ ಆಶೀರ್ವಾದ. ಅವಸರದಿಂದ ಏಳುವವನಿಗೆ ಅದು ದಕ್ಕದು.

ಅಮ್ಹಾರಿಕ್ ಲಿಪಿಯ ಫಲಕಗಳನ್ನು ಕಂಡು ಪ್ರವಾಸಿ ಮೊದಲು ದಿಗಿಲುಗೊಳ್ಳುತ್ತಾನೆ. ಆದರೆ ಅಲ್ಲಿಯೂ ಒಂದೊಂದು ವ್ಯಂಜನಕ್ಕೆ ಸ್ವರಭೇದದಿಂದ ಏಳು ರೂಪಗಳಿವೆ. ಕಾಗುಣಿತ ಕಲಿತ ಕನ್ನಡಿಗನಿಗೆ ಅದರ ಗುಟ್ಟು ಬೇಗ ತಿಳಿಯುತ್ತದೆ. ೧೯೭೪ರಲ್ಲಿ ಪದಚ್ಯುತನಾದ ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಭಾರತದ ಅನೇಕ ಉಪಾಧ್ಯಾಯರು ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿದರು. ಅವರ ನೆನಪನ್ನು ಉಳಿಸಿಕೊಂಡಿರುವ ಹಿರಿಯರು ಭಾರತೀಯನನ್ನು ಕಂಡರೆ ಮುಖ ಅರಳಿಸುತ್ತಾರೆ.

ಹಾಗೆಂದು ಎಚ್ಚರ ತಪ್ಪಬಾರದು. ೨೦೨೦ರ ನವೆಂಬರಿನಿಂದ ಎರಡು ವರ್ಷ ಉತ್ತರದ ತಿಗ್ರಾಯ್ ಪ್ರಾಂತದಲ್ಲಿ ಘೋರ ಯುದ್ಧ ನಡೆಯಿತು. ಯಾವ ದಾರಿ ಹಿಡಿಯಬಹುದು, ಯಾವುದನ್ನು ಬಿಡಬೇಕು ಎಂಬುದನ್ನು ಬಲ್ಲವರಿಂದ ಕೇಳಿಯೇ ಹೊರಡಬೇಕು.

ಹೀಗೆ ಹೊತ್ತು ಕೇಳುತ್ತ, ದಾರಿ ಕೇಳುತ್ತ, ತುತ್ತು ಸ್ವೀಕರಿಸುತ್ತ ಸಾಗುವ ಪ್ರವಾಸಿ ದಿನವೂ ಪರರ ದಯೆಯಲ್ಲಿರುತ್ತಾನೆ. ತನ್ನ ಅಳತೆಗೋಲೊಂದೇ ಸರಿಯೆಂಬ ಹಮ್ಮು ಅವನಲ್ಲಿ ಉಳಿಯುವುದಿಲ್ಲ. ನಮ್ಮ ಬಸ್ ನಿಲ್ದಾಣಗಳಲ್ಲಿಯೂ ಕನ್ನಡ ಫಲಕವನ್ನು ಓದಲಾರದೆ, ಬೆನ್ನಿಗೆ ಚೀಲ ಹೊತ್ತು ನಿಂತ ಪರದೇಶಿಯನ್ನು ನಾವು ಕಾಣುತ್ತೇವೆ. ಅವನ ತೊಡಕನ್ನು ಕಂಡು ನಗದೆ, ಅವನು ಹತ್ತಬೇಕಾದ ಬಸ್ಸನ್ನು ತೋರಿಸಿಕೊಡುವುದಕ್ಕೆ ದೇಶ ಸುತ್ತಿ ಬರಬೇಕಾದ ಅಗತ್ಯವೇನೂ ಇಲ್ಲ.